ಟವೆಲ್ ಹಾಕಿದ ಸೀಟು

ಚಿಂತಾಮಣಿ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ
ಕಿಟಕಿಯಿಂದ ಒಳಗೆ ಬೀಳುತ್ತವೆ
ಟವೆಲ್ಲು, ಕರ್ಚೀಫು, ಕೊತ್ತಂಬರಿ ಕಟ್ಟು,
ಒಮ್ಮೆ ಯಾರದೋ ಎಡಗಾಲ ಚಪ್ಪಲಿ.
ಹನ್ನೊಂದು ವರ್ಷದ ಕಂಡಕ್ಟರಿಕೆಯಲ್ಲಿ
ನಾನು ಒಪ್ಪಿಕೊಂಡ ಕಾನೂನು ಇದೊಂದೇ:
ಟವೆಲ್ಲಿದ್ದರೆ ಸೀಟಿದೆ.
ಜಾರಿ ಕೆಳಗೆ ಬಿತ್ತೋ,
ಪಕ್ಕದವನು ಕಿಟಕಿ ನೋಡುತ್ತಲೇ ಸೊಂಟ ಸರಿಸುತ್ತಾನೆ.

ಚಿಲ್ಲರೆಗೆ ಎಲ್ಲ ಕಡೆ ಬರ.
ಕೈವಾರ ಕ್ರಾಸಿನ ಟೀ ಅಂಗಡಿಯವನು
ರೂಪಾಯಿ ಬದಲು ಚಾಕಲೇಟು ಕೊಡುತ್ತಾನೆ,
ದಿನಕ್ಕೆ ನಾಲ್ಕು, ಐದು.
ರಾತ್ರಿ ಹತ್ತೂವರೆಗೆ ನಾನು ಬಂದರೆ
ಗಾನವಿ ಅರೆನಿದ್ದೆಯಲ್ಲೇ ಎದ್ದು
ಖಾಕಿ ಜೇಬಿಗೆ ಕೈ ಹಾಕುತ್ತಿದ್ದಳು,
ಒಂದನ್ನು ದವಡೆಗೆ ಒತ್ತಿಕೊಂಡು ಹಾಗೇ ಮಲಗುತ್ತಿದ್ದಳು.
ಅದನ್ನು ನಾನು ಪ್ರೀತಿಯ ಲೆಕ್ಕಕ್ಕೆ ಬರೆದುಕೊಂಡೆ.

ಮೊದಲು ರಾಗಿಕಾಳಿನಷ್ಟು ಕಪ್ಪು.
ಯುಗಾದಿ ಹೊತ್ತಿಗೆ ಹುರುಳಿಕಾಳು.
ಅಮ್ಮ ಲವಂಗ ಜಜ್ಜಿ ಇಟ್ಟು ಹೇಳಿದಳು,
"ಪಾಲ ಪಂಡ್ಲು ಕದರಾ, ಊಡಿಪೋತಾಯಿ."
ಹಾಲುಹಲ್ಲು ತಾನೆ, ಹೇಗೂ ಉದುರುವುದು.
ನಾನೂ ಹೂಂ ಅಂದೆ.
ಇಳಿಯುವ ಪ್ಯಾಸೆಂಜರಿಗೆ ಯಾರು ಸೀಟು ಒರೆಸುತ್ತಾರೆ?

ಕೆನ್ನೆ ಊದಿ, ಎರಡು ರಾತ್ರಿ
ಮಗು ಗಂಜಿ ಕೂಡ ಮುಟ್ಟಲಿಲ್ಲ.
ಅಳುವುದಕ್ಕೂ ಬಾಯಿ ತೆರೆಯಬೇಕಲ್ಲ,
ಅದಕ್ಕೇ ಅಳಲೂ ಇಲ್ಲ.

ನುಸ್ರತ್ ಡಾಕ್ಟರು ಲೈಟು ಬಗ್ಗಿಸಿ ನೋಡಿದರು.
"ಇದು ಹತ್ತು ವರ್ಷದವರೆಗೆ ಇರಬೇಕಿತ್ತು.
ಇವಳಿಗಿನ್ನೂ ಐದೂವರೆ.
ಒಸಡಿನೊಳಗೆ ಇನ್ನೊಂದು ತಯಾರಾಗ್ತಿದೆ,
ಅದು ಬರೋವರೆಗೂ ಜಾಗ ಕಾಯೋದು ಇದೇ."
"ಟವೆಲ್ಲು," ಅಂದೆ.
"ಏನು?"
ಹೇಳಿದೆ. ಮಾಸ್ಕಿನ ಮೇಲೆ ಅವರ ಕಣ್ಣು ನಕ್ಕವು,
ಆಮೇಲೆ ನಗಲಿಲ್ಲ.
"ಹೌದು. ತೆಗೆದರೆ ಅಕ್ಕಪಕ್ಕದವು ಒತ್ತಿಕೊಂಡು ಬರ್ತವೆ.
ಹೊಸದು ಬಂದಾಗ ಫುಟ್‌ಬೋರ್ಡೇ ಗತಿ."

ಉಳಿಸಲಾಗಲಿಲ್ಲ.
ಕಿತ್ತ ಜಾಗ ಮಾಯ್ದ ಮೇಲೆ ಒಂದು ತಂತಿ ಕೂರಿಸಿದರು,
ಬೊಂಬೆಯ ಬಳೆಯ ಅರ್ಧದಷ್ಟು.
ಎರಡು ತಿಂಗಳ ಓಟಿ ಅಲ್ಲಿಗೆ ಹೋಯಿತು.
ಹತ್ತಿಯಲ್ಲಿ ಸುತ್ತಿಕೊಟ್ಟಿದ್ದ ಹಲ್ಲಿಗೆ
ಅಮ್ಮ ಸಗಣಿ ಮೆತ್ತಿ
ಮಾಡಿನ ಮೇಲೆ ಎಸೆ ಅಂದಳು.
ಎಸೆದೆ. ಶೀಟಿನ ಮೇಲೆ ಟಣ್ ಅಂದು
ಉರುಳಿ ವಾಪಸು ನನ್ನ ಕಾಲ ಬಳಿಯೇ ಬಿತ್ತು.
ಬಗ್ಗಿ ಎತ್ತಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಈಗ ಟೀ ಅಂಗಡಿಯವನಿಗೆ ಹೇಳಿದ್ದೇನೆ,
ರೂಪಾಯಿ ನಿನ್ನ ಹತ್ತಿರವೇ ಇರಲಿ, ನಾಳೆ ಮುರಿದುಕೋ.
ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಗಲ್ಲ ಹಿಡಿದು
ನಾನೇ ಬ್ರಷ್ ಆಡಿಸುತ್ತೇನೆ.
ತುಂಬಿದ ನೊರೆಯಲ್ಲೇ ಅವಳು "ಹೋಲ್ಡಾನ್" ಅನ್ನುತ್ತಾಳೆ,
ಉಗುಳಿ ಬಂದು "ರೈಟ್."
ಟಿಕೆಟ್ ಎಣಿಸಿದ ಹಾಗೆ ಒಂದೊಂದೇ ಎಣಿಸುತ್ತೇನೆ,
ಲೆಕ್ಕ ತಪ್ಪಿದರೆ ಮೊದಲಿಂದ:
ಹತ್ತೊಂಬತ್ತು,
ಒಂದು ತಂತಿ.