ಒಂದ ಸೀಟಿ

ಮೊದಲನೇ ಸಲ ನಾಯಿ ಅಂತ ತಿಳಕೊಂಡಿದ್ದೆ.
ನೇಕಾರ ನಗರದಾಗ ನಾಯಿಗೇನು ಬರ?
ರಾತ್ರಿ ಎರಡೂವರಿಗೆ ಎದ್ದು ನೋಡಿದ್ರ
ಬೊಗಳಾಕತ್ತಿದ್ದು ನನ್ನ ಕೂಸು,
ಮೂರು ವರ್ಷದ ಅಡಿವೆಪ್ಪ, ಅಜ್ಜನ ಹೆಸರು ಹೊತ್ತಂವ.

ಕೆಮ್ಮು ನಿಂತ ಮ್ಯಾಲ ಕೇಳಿದ್ದು ಖರೇ ಅಂಜಿಕಿ:
ಉಸಿರು ಒಳಗ ಜಗ್ಗಿದಾಗೊಮ್ಮೆ ಸೀಟಿ.
ನಾ ಕಂಡಕ್ಟರ್. ಸೀಟಿ ಊದೂದ ಹೊಟ್ಟಿಪಾಡು.
ನವಲಗುಂದದ ಗಾಡಿಯಾಗ ಒಂದ ಊದಿದ್ರ ನಿಂದ್ರಬೇಕು,
ಎರಡಾದ್ರ ಹೋಗಬೇಕು.
ಇವನ ಎದಿಯಾಗ ಬರೇ ಒಂದ.

ಅತ್ತಿ ಓಂಕಾಳಿನ ಹೊಗಿ ಹಾಕಿದ್ರು, ಕಿಟಕಿ ಮುಚ್ಚಿದ್ರು,
ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಒಗದ್ರು.
ಕೂಸು ಚೀರತು. ಚೀರಿದಂಗ ಸೀಟಿ ಗಟ್ಟಿಯಾತು.
ಮಾಬುಸಾಬನ ಆಟೋ, ಪಡದಿ ಹರದದ್ದು.
ಇಂಡಿ ಪಂಪ್ ದಾಟೂದ್ರಾಗ ಥಂಡಿ ಗಾಳಿಗೆ
ಅರ್ಧ ತಾನಾಗೇ ಇಳದಿತ್ತು.

ಡಾಕ್ಟರು ನನ್ನ ತೊಡಿ ಮ್ಯಾಲಿಂದ ಅವನ್ನ ಇಳಸಲಿಲ್ಲ.
ಅಂಗಿ ಎತ್ತಿ ಎದಿ ಅಷ್ಟ ನೋಡಿದ್ರು. ಒಂದು ಡೋಸು ಔಷಧ.
"ಉಸಿರಿನ ದಾರಿ ಇನ್ನೂ ಸಣ್ಣದು. ನೆಗಡಿಗೆ ಬಾವು ಬರ್ತೈತಿ,
ಮತ್ತ ಬರಬಹುದು. ಬೆಳದಂಗ ಹೋಗ್ತೈತಿ.
ಅಳಸಬ್ಯಾಡ್ರಿ, ಗಂಟಲದಾಗ ಬೆರಳು ಹಾಕಬ್ಯಾಡ್ರಿ.
ಸುಮ್ಮನ ಕುಂತಾಗೂ ಸೀಟಿ ಬಂತು, ಪಕ್ಕಡಿ ಒಳಗ ಜಗ್ಗಿದ್ವು,
ಜೊಲ್ಲು ನುಂಗವಲ್ಲ, ತುಟಿ ನೀಲಿ,
ಆಗ ಯಾರನ್ನೂ ಕೇಳಬ್ಯಾಡ್ರಿ, ಬಂದಬಿಡ್ರಿ."
ಟಿಕೆಟ್ ಹಾಳಿ ಹಿಂದ ಬರಕೊಂಡೆ.
ಅತ್ತಿಗೆ ಓದಾಕ ಬರೂದಿಲ್ಲ. ಓದಿ ಹೇಳಿದೆ.
ಕೇಳಿದ್ರೋ ಇಲ್ಲೋ.

ಶ್ರಾವಣದಾಗ ಒಮ್ಮೆ. ದೀಪಾವಳಿ ಮುಗದ ವಾರ ಮತ್ತೊಮ್ಮೆ.

ನಾಕನೇದಕ್ಕ ನಾ ಊರಾಗ ಇರಲಿಲ್ಲ.
ನೈಟ್ ಔಟ್. ಶಿರಹಟ್ಟಿಯಾಗ ಗಾಡಿ ನಿಲ್ಲಿಸಿ
ಹೆಂಗಸರ ಸೀಟಿನ ಮ್ಯಾಲ ಅಡ್ಡಾಗಿದ್ದೆ. ಫೋನು.
"ಕಿಟಕಿ ತಗೀರಿ!" ಅಂತ ಒದರಿದೆ.
"ಕಿಟಕಿ ಯಾಕ," ಅಂದ್ರು ಅತ್ತಿ, "ಮಾಳಗಿ ಮ್ಯಾಲ ಕುಂತೀವಿ.
ನನ್ನ ಕೌದಿ ಹೊಚ್ಚೀನಿ. ಚುಕ್ಕಿ ಎಣಸಾಕತ್ತಾನ.
ಕೆಮ್ಮಿದಾಗಷ್ಟ ಸೀಟಿ. ಪಕ್ಕಡಿ ನೋಡೀನಿ.
ಮಾಬುಸಾಬ ಕೆಳಗ ಗಾಡಿ ತಿರುವಿ ನಿಂತಾನ.
ನೀ ಕೇಳು."

ಕಿವಿಗೆ ಒತ್ತಿ ಹಿಡದೆ.
ಒಂದು ಬೊಗಳು. ಸೀಟಿ.
ಆಮ್ಯಾಲ ಬರೇ ಗಾಳಿ, ಎಲ್ಲೋ ಒಂದು ಖರೇ ನಾಯಿ.
"ಹನ್ನೊಂದರ ಮುಂದ ಎಷ್ಟೋ?"
"ಹದಿಮೂರು," ಒಡಕ ದನಿ.
ಅತ್ತಿ ತಿದ್ದಲಿಲ್ಲ.
ತಿದ್ದಿದ್ರ ಅಳ್ತಾನಂತ.

ಐದೂವರಿಗೆ ಡ್ರೈವರು ಗಾಡಿ ಚಾಲೂ ಮಾಡಿದ.
ಸೀಟಿ ತುಟಿತನಕ ಒಯ್ದೆ, ಊದಾಕ ಆಗಲಿಲ್ಲ.
ಅಂಗೈಲೆ ತಗಡು ಬಡದೆ,
ಎರಡು ಸಲ.