ನಾಲ್ಕು ಮಿಲಿಮೀಟರು

ಲಾಂಗ್ಟನ್ನಿನ ರೈಲು ಸೇತುವೆಯಡಿ ನನ್ನ ಅಂಗಡಿ.
ಹಲಗೆಯ ಮೇಲೆ ಬರೆದದ್ದಿಷ್ಟೇ:
ಹೆಡ್ಲಿ ಶಫಲ್‌ಬಾಟಮ್, ನಿಂತುಹೋದ ಕಮೋಡುಗಳಿಗೆ ಸೀಟು.
ಹೆಸರಲ್ಲೇ ಬಾಟಮ್ ಇದೆಯಲ್ಲಪ್ಪ ಎಂದು
ಮೂವತ್ತು ವರ್ಷದಿಂದ ನಗುತ್ತಲೇ ಒಳಗೆ ಬರುತ್ತಾರೆ.
ನಾನೂ ಮೊದಲ ಸಲ ಕೇಳಿದವನ ಹಾಗೆ ನಗುತ್ತೇನೆ.
ಗಿರಾಕಿ ಗಿರಾಕಿಯೇ.

ಗೋಡೆ ತುಂಬ ಮೊಳೆ, ಮೊಳೆಗೊಂದು ಸೀಟು,
ಕುದುರೆಗಳೆಲ್ಲ ಸತ್ತ ಲಾಯದಲ್ಲಿ
ಉಳಿದ ಕೊರಳಪಟ್ಟಿಗಳ ಹಾಗೆ.
ಬೆಣ್ಣೆಹಣ್ಣಿನ ಹಸಿರು, ಒಣಹುಲ್ಲಿನ ಹಳದಿ,
ಹೊಸದಾಗಿ ಮದುವೆಯಾದವರು ಸಾಲ ಮಾಡಿ ಕೊಂಡ
ಆ ಮಾಸಲು ಗುಲಾಬಿ.
ಬಿಳಿಗೆ ಬಿಳಿ ಹೊಂದುವುದಿಲ್ಲವೆಂದು ಕಲಿತದ್ದು ಇಲ್ಲೇ.
ನನ್ನಲ್ಲಿ ಹನ್ನೊಂದು ಥರದ ಬಿಳಿ ಇದೆ.

ಫೋನು ಮಾಡುತ್ತಾರೆ, ದನಿ ತಗ್ಗಿಸಿ,
ಗುಟ್ಟಿನ ಕಾಯಿಲೆ ಹೇಳಿಕೊಳ್ಳುವವರಂತೆ.
ಕೂತರೆ ಎಡಕ್ಕೆ ಜಾರುತ್ತದೆ.
ಹೊಸದು ತಂದೆವು, ಮುಂದಕ್ಕೆ ಎರಡು ಬೆರಳು ಚಾಚಿದೆ.
ಪ್ಲಂಬರ್ ಹೇಳುತ್ತಾನೆ, ಎಲ್ಲ ಕಿತ್ತು ಹೊಸದು ಹಾಕಿಸಿ.
ಎಲ್ಲ ಎಂದರೆ ಕಮೋಡು, ಸಿಂಕು, ತೊಟ್ಟಿ, ಟೈಲ್ಸು;
ಮೂಗುತಿ ಕಳೆಯಿತೆಂದು ಮೂಗು ಕೊಯ್ಯಿಸಿಕೊಂಡ ಹಾಗೆ.

ನಾನು ಹೇಳುವುದು ಒಂದೇ. ಹಳೆ ಪೇಪರು ತಗೊಳ್ಳಿ,
ಬಾಯಿಯ ಮೇಲೆ ಹಾಸಿ, ಅಂಚಿನುದ್ದಕ್ಕೂ ಬೆರಳಿಂದ ಒತ್ತಿ,
ಪೆನ್ಸಿಲ್ಲಿನಿಂದ ಗೆರೆ ಎಳೆದು ಕಳಿಸಿ.
ಬೋಲ್ಟಿನ ತೂತುಗಳ ನಡುವಿನ ದೂರ ಮಿಲಿಮೀಟರಲ್ಲಿ.
ಇಂಚಿನಲ್ಲಿ ಹೇಳುವವರಿಗೆ ನನ್ನಲ್ಲಿ ಕ್ಷಮೆಯಿಲ್ಲ.
ಅಂಚೆಯಲ್ಲಿ ಬರುತ್ತವೆ, ನಾಲ್ಕಾಗಿ ಮಡಿಚಿದ ಖಾಲಿ ಜಾಗಗಳು:
ಅಬರ್ಡೀನಿನದೊಂದು, ಸ್ವಾನ್ಸಿಯದೊಂದು,
ಒಂದರೊಳಗೆ ಅರ್ಧ ಬಿಡಿಸಿದ ಪದಬಂಧ,
ಇನ್ನೊಂದರಲ್ಲಿ ಗೆರೆ ಹಾದದ್ದು
ಯಾರದೋ ನಿಧನವಾರ್ತೆಯ ಮೇಲೆ.

ಹೋದ ಮಂಗಳವಾರ ಬಂದಳು ಎನಿಡ್ ಕೋಕ್ಲಿ.
ಎಂಬತ್ತೊಂದು ವಯಸ್ಸು, ಗಾಲಿಚೀಲ, ಪ್ಲಾಸ್ಟಿಕ್ ಮಳೆಟೋಪಿ.
‘ಮೆಲುಸೀನಾ,’ ಎಂದಳು. ‘ಆಕಾಶನೀಲಿ.’
ಪೇಪರು ತಂದಿರಾ ಎಂದೆ.
ಪೇಪರು ಯಾಕೆ ಎಂದು ಕೈಯೆತ್ತಿ
ಗಾಳಿಯಲ್ಲೇ ಆ ಅಂಚನ್ನು ಒಂದು ಸುತ್ತು ಸುತ್ತಿದಳು,
ಹೆಬ್ಬೆರಳು ಒಳಗೆ, ನಾಲ್ಕು ಬೆರಳು ಹೊರಗೆ,
ಒದ್ದೆ ಸ್ಪಂಜು ಹಿಡಿದವಳಂತೆ.
ಹದಿನಾರು ವರ್ಷ, ದಿನಕ್ಕೆ ಅರವತ್ತು,
ಅಚ್ಚಿನಿಂದೆದ್ದ ಹಸಿಮಣ್ಣಿನ ಬಾಯಿ ಒರೆಸಿದವಳು.
‘ನನ್ನ ಮಕ್ಕಳದ್ದೂ ಅಷ್ಟು ಒರೆಸಲಿಲ್ಲ, ಕಣಯ್ಯ.’

ಕಾರ್ಖಾನೆ ಈಗ ಕಾರು ನಿಲ್ಲಿಸುವ ಬಯಲು.
ಕೊನೆಯ ದಿನ ಅಚ್ಚುಗಳನ್ನು ಅಂಗಳಕ್ಕೆ ತಂದು
ಹುಡುಗರ ಕೈಗೆ ಸುತ್ತಿಗೆ ಕೊಟ್ಟರಂತೆ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ಸದ್ದು ಚರ್ಚಿನವರೆಗೂ ಕೇಳಿತಂತೆ.

ಮೇಲಿನ ಮೊಳೆಯಲ್ಲಿ ಒಂದೇ ಒಂದು ಮೆಲುಸೀನಾ ಇತ್ತು.
ಎಷ್ಟು ಜನ ಕೇಳಿದರೂ ಇಲ್ಲವೆಂದಿದ್ದೆ,
ಯಾಕೆಂದು ಕೇಳಬೇಡಿ.
ಇಳಿಸಿ, ಧೂಳು ಕೊಡವಿ, ಅವಳ ಮನೆಗೆ ನಾನೇ ಹೋದೆ.
ತೂತಿಗೆ ತೂತು ಸರಿ, ಬಣ್ಣಕ್ಕೆ ಬಣ್ಣ ಸರಿ,
ಕೂರಿಸಿದರೆ ಟಕ್ ಎಂದು ಒಂದು ಕಡೆ ಎದ್ದಿತು.
ಮಟ್ಟಗೋಲು ಇಟ್ಟೆ. ಸೀಟಿನದಲ್ಲ ತಪ್ಪು,
ಬಾಯಿಯೇ ಬಲಕ್ಕೆ ನಾಲ್ಕು ಮಿಲಿಮೀಟರು ಸೊಟ್ಟ.

ಅವಳಿಗದು ಗೊತ್ತಿತ್ತು.
‘ಆವಿಗೆಗೆ ಇಟ್ಟವನು ನಮ್ಮ ರೆಗ್.
ಅವತ್ತು ಸೋಮವಾರ, ಭಾನುವಾರದ್ದು ಇನ್ನೂ ಇಳಿದಿರಲಿಲ್ಲ.
ಪಕ್ಕದ್ದಕ್ಕೆ ಒತ್ತಿ ಇಟ್ಟುಬಿಟ್ಟ.
ಸೊಟ್ಟಗಾದದ್ದನ್ನು ಕಾಲುಬೆಲೆಗೆ ಕೊಟ್ಟರು,
ಕೈಗಾಡಿಯಲ್ಲಿ ತಂದೆವು, ಇಡೀ ಬೀದಿ ನೋಡುತ್ತಿತ್ತು.’
ಹಳೆ ಸೀಟನ್ನು ತಿರುಗಿಸಿದಳು:
ಬಲಗಡೆಯ ರಬ್ಬರಿನಡಿ ಇನ್ನೊಂದು ರಬ್ಬರು,
ಬೂಟಿನ ಹಿಮ್ಮಡಿಯಿಂದ ಕೊಯ್ದದ್ದು,
ಚಿಕ್ಕ ಮೊಳೆ ಹೊಡೆದು ಕೂರಿಸಿದ್ದು.
ನಾನದನ್ನು ಚಾಕುವಿನಿಂದ ಮೆಲ್ಲಗೆ ಎಬ್ಬಿಸಿ
ಹೊಸದಕ್ಕೆ ಹಚ್ಚಿದೆ.

ಟೋಪಿ ತೆಗೆಯದೆ, ಕೋಟು ಬಿಚ್ಚದೆ,
ಬಸ್ಸಿಗೆ ಕಾಯುವವಳಂತೆ ಮುಚ್ಚಳದ ಮೇಲೆ ಕೂತು ನೋಡಿದಳು.
ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು.
‘ಈಗ ನೀನು ಆಚೆ ಹೋಗು, ಬಾಗಿಲು ಹಾಕು.’

ಮೆಟ್ಟಿಲ ಮೇಲೆ ನಿಂತೆ, ಕೈಯಲ್ಲಿ ಸ್ಕ್ರೂಡ್ರೈವರು,
ಗೋಡೆಯ ಕಾಗದದ ಹೂವು ಎಣಿಸುತ್ತ.
ಆಮೇಲೆ ನೀರು ಬಿಟ್ಟ ಸದ್ದು, ಉದ್ದಕ್ಕೆ, ಬಲವಾಗಿ.
ಒಂಬತ್ತು ಲೀಟರಿನ ತೊಟ್ಟಿ ಅದು.
ಈಗಿನವು ಅಷ್ಟು ಬಿಡುವುದಿಲ್ಲ.