ದೀಪ ಆರಿಸಿ ನೋಡಿದ ಫೋನು

ಎರಡು ಸ್ಪೀಕರ್ ಇವೆ ಅಕ್ಕಾ, ಮೇಲೊಂದು ಕೆಳಗೊಂದು,
ಎಂದ ಕಳವಾ ಸ್ಟೇಶನ್ ಎದುರಿನ ಅಂಗಡಿಯ ತನ್ಮಯ,
ಹಾಡು ಹಚ್ಚಿ ಗಾಜಿನ ಮೇಜು ಗುಂಯ್ ಅನಿಸಿದ.
ನಾನು ಮೇಜಿನ ಮೇಲೆ ಅಂಗೈ ಊರಿದೆ.
ನಡುಕ ಸಾಲದು, ಎಂದೆ.

ಮೂವತ್ನಾಲ್ಕು ಸಾವಿರ.
ತೀರ ಮೇಲಿನದಲ್ಲ, ಕೆಳಗಿನದೂ ಅಲ್ಲ,
ಲೇಡೀಸ್ ಸೆಕೆಂಡ್ ಕ್ಲಾಸಿನಲ್ಲಿ
ಫಸ್ಟ್ ಕ್ಲಾಸಿನ ಜಾಳಿಗೆಗೆ ಒರಗಿ ನಿಂತ ಹಾಗೆ:
ಆಚೆಯ ಫ್ಯಾನಿನ ಗಾಳಿ ಅಷ್ಟಿಷ್ಟು ಈಚೆಗೂ ಬರುತ್ತದೆ.

ಗೇಮ್ ಆಡ್ತೀರಾ? ರೀಲ್ಸ್ ಮಾಡ್ತೀರಾ?
ಇಲ್ಲಪ್ಪಾ. ಗಂಡನ ಜೊತೆ ಮಾತಾಡಬೇಕು,
ಅವನಿಗೆ ಕಿವಿ ಕೇಳಿಸದು.
ಸ್ವಲ್ಪ ಅಂಗಡಿಯ ದೀಪ ಆರಿಸು.

ಗುರುಪಾದನಿಗೆ ಲೋವರ್ ಪರೇಲಿನ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ.
ನಾಲ್ಕು ಬಣ್ಣದ ಯಂತ್ರದ ಪಕ್ಕ
ಕಿವಿಗೆ ಹತ್ತಿ ತುರುಕಿಕೊಂಡವರ ನಡುವೆ
ಹತ್ತಿ ಬೇಡದವನು ಅವನೊಬ್ಬ.
ಕ್ಯಾಲೆಂಡರಿನ ಕಾಲ ಈಗ. ಬರುವ ವರ್ಷದ ಏಕಾದಶಿ, ಅಮಾವಾಸ್ಯೆ
ಎಲ್ಲ ಮೊದಲು ಅಂಟುವುದು ಅವನ ಕೈಗೆ, ಹಸಿ ಮಸಿಯಾಗಿ.
ಒಂದೂವರೆಗೆ ಚಹಾ ಬಿಡುವು.
ಕಾಗದದ ರೀಮುಗಳ ಸಂದಿಯಲ್ಲಿ ಒಂದೇ ಟ್ಯೂಬ್‌ಲೈಟು,
ಅಲ್ಲಿ ಫೋನು ಒರಗಿಸಿಟ್ಟು ಎರಡೂ ಕೈಯಲ್ಲಿ ಮಾತಾಡುತ್ತಾನೆ.

ಹಳೆಯ ಫೋನಿನಲ್ಲಿ ಅವನ ಕೈ ಬಾತುಕೋಳಿಯ ಪಾದ.
ನಾಲ್ಕನೆಯ ತಾರೀಕಿನ ಮದುವೆಗೆ ಐದಕ್ಕೆ ಹೋಗಿ
ಮಂಟಪ ಬಿಚ್ಚುವುದನ್ನು ಕಂಡು ಬಂದಿದ್ದೇನೆ.

ತನ್ಮಯ ಷಟರ್ ಅರ್ಧ ಎಳೆದ.
ಒಂದು ಫೋನು ಕೊಟ್ಟು ಅವನನ್ನು ಗೋದಾಮಿಗೆ ಅಟ್ಟಿದೆ:
ಬೇಗ ಬೇಗ ಬೆರಳು ಎಣಿಸು, ನನಗೆ ಕಾಣಲಿ.
ಕತ್ತಲನ್ನು ಬೆಳಗಿಸಿತು, ಭಲೇ,
ಆದರೆ ಬೆಳಕಿಗೆ ಕಾಯುತ್ತ ಕೈಯನ್ನು ಕಳೆದುಕೊಂಡಿತು,
ಒಂದು ಬೆರಳಿಗೆ ಮೂರು ನೆರಳು.
ಸೆಟ್ಟಿಂಗಿನಲ್ಲಿ ಏನೋ ತಿರುವಿದ.
ಚಿತ್ರ ಕಪ್ಪಾಯಿತು, ಬೆರಳು ಐದಾಯಿತು.
ಸಾಕು. ಐದು ಇದ್ದರೆ ಸಾಕು.

ಆಮೇಲೆ ಮುಖ. ತಾನಾಗಿಯೇ ಅಂದಗೊಳಿಸುತ್ತದಂತೆ.
ನನ್ನ ಹಣೆ ಹೊಸ ಸಾಬೂನಿನ ಹಾಗೆ.
ಇದನ್ನ ತೆಗಿ, ಎಂದೆ.
ಎಲ್ಲರೂ ಇದಕ್ಕೇ ತಗೊಳ್ತಾರೆ ಅಕ್ಕಾ.
ತಗೊಳ್ಳಲಿ. ನಮ್ಮ ಮಾತಿನ ಪ್ರಶ್ನೆಯೆಲ್ಲ ಇರುವುದು ಹಣೆಯ ಗೆರೆಯಲ್ಲಿ.
ಅಳಿಸಿದರೆ, ಬರುತ್ತೀಯಾ ಎಂಬುದು ಬರುತ್ತೀಯ ಆಗುತ್ತದೆ,
ಸಿಟ್ಟಾ ಎಂಬುದು ಬರೀ ಸಿಟ್ಟು.
ನುಣುಪು ಹಣೆಗೆ ದೀರ್ಘವಿಲ್ಲ.

ಹದಿನೆಂಟು ಕಂತು. ಥಾಣೆಯ ಲ್ಯಾಬಿನಲ್ಲಿ
ರಕ್ತದ ಶೀಶೆಗೆ ಚೀಟಿ ಅಂಟಿಸುವ ನನ್ನ ಸಂಬಳದಿಂದ.

ನಾಲ್ಕು ತಿಂಗಳಾಯಿತು.
ಬ್ಯಾಟರಿ ಎರಡು ದಿನ ಅಂದಿದ್ದರು, ಒಂದೂಕಾಲು ಬರುತ್ತದೆ.
ಕುರ್ಲಾದ ನೂಕಿನಲ್ಲಿ ಬಿದ್ದು ಮೂಲೆಯ ಚಕ್ಕೆ ಹಾರಿದೆ.
ಅವನ ದಿಂಬಿನ ಕೆಳಗೆ ನಡುಗಿದರೆ ಏಳುತ್ತಾನೆ,
ಲೋಕಲ್ಲಿನಲ್ಲಿ ಮಾತ್ರ ತಿಳಿಯದು,
ಅಲ್ಲಿ ಇಡೀ ಗಾಡಿಗೇ ಯಾರೋ ಕರೆ ಮಾಡುತ್ತಿರುತ್ತಾರೆ.

ಒಂದು ಕೊರತೆ ತಡವಾಗಿ ತಿಳಿಯಿತು.
ಗುರುಪಾದ ನಕ್ಕಾಗ ಒಂದು ದನಿ ಬರುತ್ತದೆ,
ಬಾಗಿಲ ತಿರುಗಣಿಯದು, ಅಲ್ಲ, ತುಂಬಿ ಬರುವ ಕೊಡದ್ದು.
ಅದು ಇದೆಯೆಂದು ನಾನು ಹೇಳಿಯೇ ಅವನಿಗೆ ಗೊತ್ತು.
ಹಳೆಯ ಫೋನು ಯಂತ್ರದ ಗದ್ದಲದೊಡನೆ ಅದನ್ನೂ ಹೊತ್ತು ತರುತ್ತಿತ್ತು.
ಇದು ಜಾಣ. ಸುತ್ತಲ ಸದ್ದು ಸೋಸಿ ಮಾತನ್ನು ಮಾತ್ರ ಉಳಿಸುತ್ತದೆ.
ಮಾತಲ್ಲವಲ್ಲ, ನಗೆಯನ್ನೂ ಸೋಸಿತ್ತು.
ಹದಿನೈದು ರಾತ್ರಿ ಅವನು ಬಾಯಿ ತೆರೆದು ನಕ್ಕ,
ಹದಿನೈದು ರಾತ್ರಿ
ಅವನ ಕಿವಿಯಿಂದ ಅವನನ್ನು ಕೇಳಿದೆ.

ಆ ಗುಂಡಿಯನ್ನು ತನ್ಮಯನೇ ಹುಡುಕಿಕೊಟ್ಟ,
ಸೆಟ್ಟಿಂಗಿನ ಒಳಗಿನ ಒಳಗೆ.
ಅಂದು ಒಂದೂವರೆಗೆ ಪ್ರೆಸ್ಸಿಗೆ ಪ್ರೆಸ್ಸೇ ಮನೆಗೆ ಬಂತು,
ಮೇಲೊಂದು ಕೆಳಗೊಂದು ಸ್ಪೀಕರ್ ತುಂಬ.
ಪಕ್ಕದ ಶೆವಂತಾಬಾಯಿ ಗೋಡೆ ಕುಟ್ಟಿದಳು.
ನಾನು ತಿರುಗಿದ್ದು ಕಂಡು ಹಣೆ ಗಂಟಿಕ್ಕಿ ಕೇಳಿದ, ಏನಾಯಿತು?
ಏನಿಲ್ಲ, ಎಂದವು ನನ್ನ ಕೈ,
ಇನ್ನೊಮ್ಮೆ ನಗು.